ಕ್ಯಾಬಿನೆಟ್ ಫ್ಯಾನ್ ಸದ್ದೇ? ಮೊದಲು ಪಿನ್ ಎಣಿಸಿ

ಕಂಪ್ಯೂಟರ್ ಆನ್ ಮಾಡಿದೊಡನೆ ಕ್ಯಾಬಿನೆಟ್ ಫ್ಯಾನ್‌ಗಳು ಭರ್ರೆಂದು ತಿರುಗತೊಡಗಿ, ಬರೀ ಒಂದು ಪತ್ರ ಟೈಪ್ ಮಾಡುತ್ತಿದ್ದರೂ ಅದೇ ಸದ್ದು ನಿಲ್ಲದಿದ್ದರೆ ಹಲವರು ಹೊಸ ಫ್ಯಾನ್ ತರಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಫ್ಯಾನಿಗೆ ಕರೆಂಟ್ ಎಲ್ಲಿಂದ ಬರುತ್ತಿದೆ, ಅದರ ವೇಗವನ್ನು ಯಾರು ನಿರ್ಧರಿಸುತ್ತಿದ್ದಾರೆ ಎಂದು ನೋಡಿಕೊಂಡರೆ ಎಷ್ಟೋ ಸಲ ಒಂದು ರೂಪಾಯಿ ಖರ್ಚಿಲ್ಲದೆ ಸದ್ದು ಇಳಿಯುತ್ತದೆ.

ವೈರಿನ ತುದಿ ಹುಡುಕಿ

ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪಕ್ಕದ ಬಾಗಿಲು ತೆಗೆಯಿರಿ. ಪ್ರತಿ ಫ್ಯಾನಿನ ವೈರ್ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ಹಳದಿ, ಕೆಂಪು ಮತ್ತು ಎರಡು ಕಪ್ಪು ವೈರುಗಳಿರುವ ಅಗಲವಾದ ಮೊಲೆಕ್ಸ್ ಕನೆಕ್ಟರಿಗೆ ಸೇರಿದ್ದರೆ, ಆ ಫ್ಯಾನ್ ಕಂಪ್ಯೂಟರಿನ ಪವರ್ ಸಪ್ಲೈಯಾದ ಎಸ್‌ಎಂಪಿಎಸ್‌ನಿಂದ ನೇರವಾಗಿ 12 ವೋಲ್ಟ್ ಪಡೆಯುತ್ತಿದೆ. ಅದಕ್ಕೆ ಒಂದೇ ವೇಗ, ಪೂರ್ತಿ ವೇಗ.

ಮದರ್‌ಬೋರ್ಡಿಗೆ ಸೇರುವ ಚಿಕ್ಕ ಕನೆಕ್ಟರಾದರೆ ಪಿನ್ ಎಣಿಸಿ. 3 ಪಿನ್ ಇದ್ದರೆ ಒಂದು ಗ್ರೌಂಡ್, ಒಂದು 12 ವೋಲ್ಟ್, ಇನ್ನೊಂದು ಫ್ಯಾನ್ ಎಷ್ಟು ವೇಗದಲ್ಲಿದೆ ಎಂದು ತಿಳಿಸುವ ತಂತಿ. ಇಂಥ ಫ್ಯಾನ್ ನಿಧಾನವಾಗಬೇಕಾದರೆ ವೋಲ್ಟೇಜನ್ನೇ ಇಳಿಸಬೇಕು. 4 ಪಿನ್ ಫ್ಯಾನಿಗೆ 12 ವೋಲ್ಟ್ ಯಾವಾಗಲೂ ಇರುತ್ತದೆ. ನಾಲ್ಕನೆಯ ತಂತಿಯಲ್ಲಿ ಸೆಕೆಂಡಿಗೆ ಸುಮಾರು 25,000 ಸಲ ಮಿಡಿಯುವ ಪಿಡಬ್ಲ್ಯುಎಂ ಸಂಕೇತ ಬರುತ್ತದೆ, ಅದರಂತೆ ಫ್ಯಾನೇ ವೇಗ ಹೊಂದಿಸಿಕೊಳ್ಳುತ್ತದೆ. ಕನೆಕ್ಟರ್ ಕೂರುವ ಬೋರ್ಡಿನ ಹೆಡರಿನಲ್ಲಿ ಪಿನ್ನುಗಳ ಹಿಂದೆ ನಿಂತಿರುವ ಪುಟ್ಟ ಪ್ಲಾಸ್ಟಿಕ್ ಪಟ್ಟಿ ಗಮನಿಸಿ. ಅದಕ್ಕೆ ಹೊಂದಿಸಿ ಕೂರಿಸಿದರೆ 3 ಪಿನ್ ಕನೆಕ್ಟರ್ ಕೂಡ 4 ಪಿನ್ ಹೆಡರಿಗೆ ಸರಿಯಾಗಿ ಕೂರುತ್ತದೆ.

ಎಲ್ಲಿಗೆ ಚುಚ್ಚಬೇಕು

‘ಸಿಪಿಯು ಫ್ಯಾನ್’ ಎಂದು ಬರೆದಿರುವ ಹೆಡರನ್ನು ಪ್ರೊಸೆಸರ್ ಕೂಲರಿಗೇ ಬಿಡಿ; ಅದು ಖಾಲಿ ಇದ್ದರೆ ಎಷ್ಟೋ ಬೋರ್ಡುಗಳು ಆನ್ ಆಗುವಾಗಲೇ ಎರರ್ ತೋರಿಸಿ ನಿಲ್ಲುತ್ತವೆ. ಉಳಿದವು ‘ಸಿಸ್ ಫ್ಯಾನ್’ ಅಥವಾ ‘ಸಿಎಚ್‌ಎ ಫ್ಯಾನ್’ ಹೆಡರುಗಳಿಗೆ.

ಸಾಮಾನ್ಯವಾಗಿ ಒಂದು ಹೆಡರ್ 1 ಆಂಪಿಯರ್ ಕೊಡಬಲ್ಲದು. ನಿಮ್ಮ ಬೋರ್ಡಿನ ಮ್ಯಾನುವಲ್ ನೋಡಿ ಖಚಿತಪಡಿಸಿಕೊಳ್ಳಿ. ಫ್ಯಾನಿನ ನಡುವಿನ ಸ್ಟಿಕ್ಕರಿನಲ್ಲಿ 0.15, 0.2, 0.3 ಎಂದೆಲ್ಲ ಆಂಪಿಯರ್ ಬರೆದಿರುತ್ತದೆ. 0.2ರ ಮೂರು ಫ್ಯಾನ್‌ಗಳನ್ನು ಸ್ಪ್ಲಿಟರ್ ಹಾಕಿ ಜೋಡಿಸಿದರೆ 0.6, ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚು ಫ್ಯಾನ್ ಇದ್ದರೆ ಸಾಟಾ ಕೇಬಲಿನಿಂದ ಪವರ್ ಪಡೆಯುವ ಹಬ್ ಕೊಳ್ಳಿ. ಆದರೆ ಅಗ್ಗದ ಹಬ್‌ಗಳಲ್ಲಿ ಬಹಳಷ್ಟು ಪಿಡಬ್ಲ್ಯುಎಂ ಸಂಕೇತವನ್ನಷ್ಟೇ ಹಂಚುತ್ತವೆ, ಅವಕ್ಕೆ 3 ಪಿನ್ ಫ್ಯಾನ್ ಹಾಕಿದರೆ ಪೂರ್ತಿ ವೇಗದಲ್ಲೇ ತಿರುಗುತ್ತದೆ. ಬೋರ್ಡಿಗೆ ಕಾಣುವುದೂ ಒಂದೇ ಫ್ಯಾನಿನ ವೇಗ. ಮಿಕ್ಕವು ನಿಂತುಹೋದರೆ ಅದಕ್ಕೆ ತಿಳಿಯದು, ನೀವೇ ಆಗಾಗ ಕಣ್ಣಾಡಿಸಬೇಕು.

ಬಣ್ಣದ ದೀಪಗಳ ಫ್ಯಾನಿಗೆ ಇನ್ನೊಂದು ವೈರ್ ಇರುತ್ತದೆ. 5 ವೋಲ್ಟಿನ ಎಆರ್‌ಜಿಬಿ ದೀಪವನ್ನು 12 ವೋಲ್ಟಿನ ಆರ್‌ಜಿಬಿ ಹೆಡರಿಗೆ ಒತ್ತಿ ಕೂರಿಸಿದರೆ ದೀಪಗಳು ಸುಟ್ಟುಹೋಗುತ್ತವೆ.

ಬಯೋಸ್‌ನಲ್ಲಿ ಒಂದು ಆಯ್ಕೆ

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ. ಏಸಸ್ ಬೋರ್ಡಿನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್, ಎಂಎಸ್‌ಐನಲ್ಲಿ ಹಾರ್ಡ್‌ವೇರ್ ಮಾನಿಟರ್ ಎಂದಿರುತ್ತದೆ. ಅಲ್ಲಿ ಪ್ರತಿ ಹೆಡರಿಗೂ ಡಿಸಿ (ವೋಲ್ಟೇಜ್ ಇಳಿಸುವುದು), ಪಿಡಬ್ಲ್ಯುಎಂ ಎಂಬ ಆಯ್ಕೆಗಳಿವೆ. 3 ಪಿನ್ ಫ್ಯಾನಿಗೆ ಡಿಸಿ, 4 ಪಿನ್ ಫ್ಯಾನಿಗೆ ಪಿಡಬ್ಲ್ಯುಎಂ. 3 ಪಿನ್ ಫ್ಯಾನ್ ಇರುವ ಹೆಡರ್ ಪಿಡಬ್ಲ್ಯುಎಂನಲ್ಲಿ ಉಳಿದಿದ್ದರೆ ಫ್ಯಾನ್ ಸದಾ ಭರ್ರೆನ್ನುತ್ತಲೇ ಇರುತ್ತದೆ. ಹೊಸ ಫ್ಯಾನಿಗೆ ಹಣ ಸುರಿಯುವ ಮುನ್ನ ನೋಡಲೇಬೇಕಾದ ಜಾಗ ಇದು.

ಆಮೇಲೆ ಎಷ್ಟು ಬಿಸಿಗೆ ಎಷ್ಟು ವೇಗ ಎಂಬ ಗೆರೆ ಎಳೆಯಬೇಕು. ಪ್ರೊಸೆಸರ್ ತಾಪ ಕ್ಷಣಕ್ಷಣಕ್ಕೂ ಜಿಗಿಯುತ್ತದೆ. ಕ್ಯಾಬಿನೆಟ್ ಫ್ಯಾನನ್ನು ಅದಕ್ಕೆ ಕಟ್ಟಿಹಾಕಿದರೆ ಬ್ರೌಸರ್ ತೆರೆದಾಗಲೆಲ್ಲ ಸದ್ದು ಏರಿ ಇಳಿಯುತ್ತದೆ. ಒಂದೇ ಸಮನಾದ ಸದ್ದಿಗಿಂತ ಈ ಏರಿಳಿತವೇ ಕಿವಿಗೆ ಹೆಚ್ಚು ಹಿಂಸೆ. ಆದ್ದರಿಂದ ಮದರ್‌ಬೋರ್ಡ್ ತಾಪವನ್ನು ಆಧಾರವಾಗಿ ಆರಿಸಿ. ಪ್ರೊಸೆಸರನ್ನೇ ಆರಿಸಬೇಕಾಗಿ ಬಂದರೆ ವೇಗ ಏರಲು ತೆಗೆದುಕೊಳ್ಳುವ ‘ಸ್ಟೆಪ್ ಅಪ್’ ಸಮಯ ಹೆಚ್ಚಿಸಿ, 50 ಡಿಗ್ರಿವರೆಗೆ ಶೇ 35, 65ಕ್ಕೆ ಶೇ 50, 75ಕ್ಕೆ ಶೇ 75, 85ಕ್ಕೆ ಪೂರ್ತಿ ಎಂದು ಶುರುಮಾಡಿ.

ಇದು ಆರಂಭ ಮಾತ್ರ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಒಳಗಿನ ತಾಪವನ್ನು ಕೋಣೆಯ ತಾಪಕ್ಕಿಂತ ಕೆಳಗಿಳಿಸದು. ಚಳಿಗಾಲದಲ್ಲಿ ಎಳೆದ ಗೆರೆಯನ್ನು ಬೇಸಿಗೆಗೆ ತಿದ್ದಲೇಬೇಕು. ವೇಗ ಅರ್ಧವಾದರೆ ಗಾಳಿಯೂ ಸುಮಾರು ಅರ್ಧವಾಗುತ್ತದೆ, ಸದ್ದು ಮಾತ್ರ 15 ಡೆಸಿಬಲ್‌ನಷ್ಟು ಇಳಿಯುತ್ತದೆ. ಹಾಗಾಗಿ ಜೋರಾಗಿ ತಿರುಗುವ ಒಂದು ಫ್ಯಾನಿಗಿಂತ ನಿಧಾನವಾಗಿ ತಿರುಗುವ ಎರಡು ಮೇಲು.

ತೀರಾ ಕೆಳಗಿಳಿಸಲೂ ಹೋಗಬೇಡಿ. ತಿರುಗುತ್ತಿರುವ ಫ್ಯಾನ್ ಕಡಿಮೆ ವೋಲ್ಟೇಜಿನಲ್ಲೂ ತಿರುಗೀತು, ನಿಂತದ್ದು ಹೊರಡಲು ಹೆಚ್ಚು ಬೇಕು. ನಿಲ್ಲುವ ಹಂತ ಕಂಡುಕೊಂಡು, ಅದರ ಮೇಲೆ ಶೇ 10 ಸೇರಿಸಿ.

ಹೆಡರೇ ಇಲ್ಲದಿದ್ದರೆ

ಹಳೆಯ ಬೋರ್ಡಿನಲ್ಲಿ ಹೆಡರ್ ಸಾಲದಿದ್ದರೆ ರೆಸಿಸ್ಟರ್ ಇರುವ ಕಡಿಮೆ ವೇಗದ ಕೇಬಲ್ ಅಥವಾ ಕೈಯಿಂದ ತಿರುಗಿಸುವ ಫ್ಯಾನ್ ಕಂಟ್ರೋಲರ್ ಸಾಕು. ಮೊಲೆಕ್ಸ್‌ನ ಹಳದಿ ಮತ್ತು ಕೆಂಪು ವೈರುಗಳ ನಡುವೆ ಫ್ಯಾನ್ ಜೋಡಿಸಿ 7 ವೋಲ್ಟ್ ಪಡೆಯುವ ಹಳೆಯ ಉಪಾಯವೊಂದಿದೆ. ಅದರ ಸಹವಾಸ ಬೇಡ. 5 ವೋಲ್ಟಿನ ಲೈನ್ ಇರುವುದು ಕರೆಂಟ್ ಕೊಡಲು, ತೆಗೆದುಕೊಳ್ಳಲು ಅಲ್ಲ; ಫ್ಯಾನ್ ಶಾರ್ಟ್ ಆದರೆ 12 ವೋಲ್ಟ್ ನೇರವಾಗಿ ಆ ಲೈನಿಗೆ ನುಗ್ಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಭಾರೀ ಗೇಮ್ ಅಥವಾ ವಿಡಿಯೊ ಎಡಿಟಿಂಗ್ ಅರ್ಧ ಗಂಟೆ ನಡೆಸಿ ತಾಪ ನೋಡಿ. ಲಿನಕ್ಸ್ ಬಳಸುವವರು ಫ್ಯಾನ್ ವೇಗ ಹೊಂದಿಸಲು ಪಿಡಬ್ಲ್ಯುಎಂಕಾನ್ಫಿಗ್ ಎಂಬ ಪ್ರೋಗ್ರಾಂ ಓಡಿಸಿದರೆ, ಪರೀಕ್ಷೆಗಾಗಿ ಅದು ಫ್ಯಾನ್‌ಗಳನ್ನು ಕೆಲ ಕ್ಷಣ ನಿಲ್ಲಿಸುತ್ತದೆ. ಆಗ ಬೇರೆ ಭಾರದ ಕೆಲಸ ಯಾವುದೂ ನಡೆಯುತ್ತಿರಬಾರದು.