ಆಯ್ಕೆಯ ‘ಆಪ್ಟ್’, ನೋಟದ ‘ಆಪ್ಟ್’

ವಿಜ್ಞಾನ ಗ್ರಂಥಗಳನ್ನು ಓದುವ ವಿದ್ಯಾರ್ಥಿಗಳಿಗೆ ಉಪಾಧ್ಯಾಯರು ಹೇಳಿಕೊಡುವ ಉಪಾಯವೊಂದುಂಟು: ದೊಡ್ಡ ಇಂಗ್ಲಿಷ್ ಶಬ್ದ ಎದುರಾದಾಗ ಅದನ್ನು ಬಿಡಿಸಿ ನೋಡಬೇಕು, ಮೂಲ ತಿಳಿದರೆ ಅರ್ಥ ತಾನಾಗಿ ಒದಗುವುದು. ಉಪಾಯವೇನೋ ಒಳ್ಳೆಯದೇ. ಆದರೆ ಬೇರೆ ಬೇರೆ ಮೂಲಗಳು ಒಂದೇ ವೇಷದಲ್ಲಿ ಬಂದರೆ ಗತಿಯೇನು? ‘ಆಪ್ಷನ್’ ಎಂದರೆ ಆಯ್ಕೆ. ‘ಆಪ್ಟಿಕ್ಸ್’ ಎಂದರೆ ಬೆಳಕಿನ ಶಾಸ್ತ್ರ. ನೋಡಿಯೇ ಅಲ್ಲವೆ ಆರಿಸುವುದು? ಆದುದರಿಂದ ಇವೆರಡೂ ಒಂದೇ ಕುಲದವೆಂದು ಯಾರಿಗಾದರೂ ತೋರಬಹುದು. ಈ ಊಹೆ ತಪ್ಪು.

‘ಆಪ್ಷನ್’ ಲ್ಯಾಟಿನ್ ಕುಲದ ಶಬ್ದ. ಆ ಭಾಷೆಯ ‘ಆಪ್ಟಾರೆ’ ಎಂಬ ಕ್ರಿಯಾಪದಕ್ಕೆ ಬಯಸು, ಆರಿಸು ಎಂಬ ಎರಡೂ ಅರ್ಥಗಳುಂಟು. ‘ಆಪ್ಷನಲ್’ ವಿಷಯವನ್ನು ನಾವು ‘ಐಚ್ಛಿಕ’ವೆನ್ನುತ್ತೇವೆ, ಅಲ್ಲಿಯೂ ಇಚ್ಛೆಯೇ ಆಯ್ಕೆಯಾಗಿ ನಿಂತಿದೆ. ಮಗುವನ್ನು ಸ್ವೀಕರಿಸುವುದನ್ನು ಹೇಳುವ ‘ಅಡಾಪ್ಟ್’ ಶಬ್ದವೂ ಇದೇ ಮೂಲದ್ದು. ನಮ್ಮ ‘ದತ್ತು’ ಮಾತ್ರ ‘ಕೊಟ್ಟದ್ದು’ ಎಂಬ ಅರ್ಥದಿಂದ ಬಂದಿದೆ. ರೋಮನರ ಶಬ್ದ ಆರಿಸಿಕೊಳ್ಳುವವರನ್ನು ನೆನೆಯಿತು, ನಮ್ಮದು ಕೊಡುವವರನ್ನು. ಇನ್ನು ‘ಆಪ್ಟಿಮಿಸಂ’ ಎಂಬುದು ‘ಅತ್ಯುತ್ತಮ’ವೆಂಬರ್ಥದ ಬೇರೊಂದು ಲ್ಯಾಟಿನ್ ಶಬ್ದದಿಂದ ಹುಟ್ಟಿದೆ.

‘ಆಪ್ಟಿಕ್ಸ್’ ಶಬ್ದವಾದರೋ ಗ್ರೀಕ್ ಭಾಷೆಯಿಂದ ಬಂದುದು. ಅದರ ಮೂಲಾರ್ಥ ಬೆಳಕಲ್ಲ, ನೋಟ. ಕ್ರಿ. ಪೂ. 300ರ ಸುಮಾರಿನಲ್ಲಿ ಯೂಕ್ಲಿಡನು ಈ ಹೆಸರಿನಲ್ಲಿ ಬರೆದ ಗ್ರಂಥ ನೋಟದ ರೇಖಾಗಣಿತವೇ ಆಗಿತ್ತು. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆಂದು ಅವನು ಭಾವಿಸಿದ್ದನು. ಬೆಳಕೇ ವಸ್ತುವಿನಿಂದ ಕಣ್ಣಿಗೆ ಬರುತ್ತದೆಂದು 11ನೆಯ ಶತಮಾನದಲ್ಲಿ ಇಬ್ನ್ ಅಲ್‌ ಹೈತಮ್ ವಿವರಿಸಿದನು. 1704ರಲ್ಲಿ ನ್ಯೂಟನ್ನನ ‘ಆಪ್ಟಿಕ್ಸ್’ ಹೊರಬರುವ ವೇಳೆಗೆ ಅದು ಬೆಳಕು ಮತ್ತು ಬಣ್ಣಗಳ ಶಾಸ್ತ್ರವಾಗಿತ್ತು. ಶಾಸ್ತ್ರ ಬದಲಾಯಿತು, ಹೆಸರು ಉಳಿಯಿತು.

ಕೆಲವು ಶಬ್ದಗಳಲ್ಲಿ ಹಳೆಯ ವೀಕ್ಷಣೆಯೇ ಅಡಗಿದೆ. ಸಮೀಪದೃಷ್ಟಿಗೆ ‘ಮಯೋಪಿಯ’ ಎಂದು ಹೆಸರು. ಗ್ರೀಕ್‌ನಲ್ಲಿ ಅದರ ಮೂಲಾರ್ಥ ‘ಕಣ್ಣು ಮುಚ್ಚುವುದು’. ಈ ದೋಷವುಳ್ಳವರು ದೂರದ ವಸ್ತುವನ್ನು ನೋಡುವಾಗ ರೆಪ್ಪೆಗಳನ್ನು ಕಿರಿದುಗೊಳಿಸುವುದನ್ನು ನೀವೂ ಕಂಡಿರಬಹುದು. ಇದಕ್ಕೆ ಕಾರಣವುಂಟು. ಅವರ ಕಣ್ಣಿನಲ್ಲಿ ದೂರದಿಂದ ಬಂದ ಕಿರಣಗಳು ಅಕ್ಷಿಪಟಲಕ್ಕೆ ಮುಂಚೆಯೇ ಕೂಡಿ ಮತ್ತೆ ಹರಡುವುದರಿಂದ ಬಿಂಬ ಮಸುಕಾಗುತ್ತದೆ. ರೆಪ್ಪೆಯ ಸಂದು ಕಿರಿದಾದಾಗ ಕಿರಣಗಳ ಕಟ್ಟು ತೆಳುವಾಗಿ, ಮಸುಕೂ ಕಡಿಮೆಯಾಗುತ್ತದೆ. ನಿಮ್ನ ಮಸೂರದ ಕನ್ನಡಕವು ಕಿರಣಗಳನ್ನು ಮೊದಲೇ ಸ್ವಲ್ಪ ಹರಡಿಸಿ ಬಿಂಬವನ್ನು ಸರಿಯಾದ ಸ್ಥಳದಲ್ಲಿ ಮೂಡಿಸುತ್ತದೆ. ‘ಮಸೂರ’ವೆಂಬುದು ಬೇಳೆಯ ಹೆಸರಷ್ಟೆ, ಲ್ಯಾಟಿನ್‌ನ ‘ಲೆನ್ಸ್’ ಕೂಡ ಅದೇ ಕಾಳಿನ ಹೆಸರು. ಇಲ್ಲಿ ಎರಡು ಭಾಷೆಗಳೂ ಒಂದೇ ಧಾನ್ಯದ ಆಕಾರವನ್ನು ನೆನೆದಿವೆ.

ಹಾಗಿದ್ದರೂ ಮೂಲವನ್ನೇ ನಂಬಿ ಕುಳಿತರೆ ಸಾಲದು. ‘ಆಪ್ಟಿಷಿಯನ್’ ಕನ್ನಡಕ ಒದಗಿಸುವವನು; ‘ಆಪ್ಟೊಮೆಟ್ರಿಸ್ಟ್’ ದೃಷ್ಟಿಯನ್ನು ಅಳೆದು ಪರೀಕ್ಷಿಸುವವನು; ‘ಆಫ್ತಾಲ್ಮಾಲಜಿಸ್ಟ್’ ಕಣ್ಣಿನ ವೈದ್ಯ. ಮೂವರ ಹೆಸರಿನಲ್ಲಿಯೂ ಕಣ್ಣಿದೆ, ಆದರೆ ಅವರ ಕಾರ್ಯಗಳು ಬೇರೆ. ಫಕ್ಕನೆ ದೃಷ್ಟಿ ಮಂಜಾಗಿ ಕಣ್ಣು ಕೆಂಪೇರಿ ನೋಯತೊಡಗಿದರೆ ಅದು ಗ್ಲಾಕೋಮ ಆಗಿರಬಹುದು. ಆ ರೋಗದಿಂದ ಹೋದ ದೃಷ್ಟಿ ಮರಳಿ ಬಾರದು. ಅಂತಹ ಸಮಯದಲ್ಲಿ ಹೊಸ ಕನ್ನಡಕಕ್ಕಾಗಿ ಅಂಗಡಿಗೆ ಹೋಗದೆ ಕೂಡಲೇ ವೈದ್ಯರನ್ನು ಕಾಣಬೇಕು. ಶಬ್ದದ ಮೂಲವನ್ನು ತಿಳಿಯುವುದು ಸಂತೋಷದ ಸಂಗತಿ. ಅದರ ಇಂದಿನ ಅರ್ಥವನ್ನು ತಿಳಿಯುವುದು ಕೆಲವೊಮ್ಮೆ ಕಣ್ಣನ್ನೇ ಉಳಿಸುತ್ತದೆ.