ಮನೆಯ ಹೊಸ್ತಿಲಿಗೆ ಬಂದ ವೈದ್ಯಸಂಶೋಧನೆ

ವೈದ್ಯಕೀಯ ಸಂಶೋಧನೆಯೆಂದರೆ ದುಬಾರಿ ಯಂತ್ರಗಳು ಮತ್ತು ಹೊಸ ಔಷಧಿಗಳು ಎಂಬ ಭಾವನೆ ಜನರಲ್ಲಿದೆ. ಆದರೆ ಭಾರತದಲ್ಲಿ ನಡೆದ ಕೆಲವು ಮಹತ್ವದ ಅಧ್ಯಯನಗಳು ಅಕ್ಕಿ, ಬೇಳೆ, ಉಪ್ಪು, ಸಕ್ಕರೆ, ವಿನೆಗರ್‌ಗಳಂತಹ ಸಾಧಾರಣ ಪದಾರ್ಥಗಳನ್ನೇ ಅವಲಂಬಿಸಿದ್ದವು. ಅವುಗಳ ಫಲಿತಾಂಶಗಳು ಬಡ ಕುಟುಂಬಗಳ ಪಾಲಿಗೆ ಜೀವರಕ್ಷಕವಾಗಿವೆ.

ಕ್ಷಯ: ಔಷಧಿಯೊಡನೆ ಆಹಾರ

ಕ್ಷಯರೋಗಿಗೆ ಆರೋಗ್ಯಧಾಮದ ವಾಸ, ದೀರ್ಘ ವಿಶ್ರಾಂತಿ ಅನಿವಾರ್ಯವೆಂದು ಹಿಂದೆ ನಂಬಲಾಗಿತ್ತು. ರೋಗಿಗಳ ಸಂಖ್ಯೆಗೆ ಹೋಲಿಸಿದರೆ ದೇಶದಲ್ಲಿದ್ದ ಹಾಸಿಗೆಗಳು ತೀರ ಅಲ್ಪ. 1956ರಲ್ಲಿ ಮದರಾಸಿನಲ್ಲಿ ಸ್ಥಾಪನೆಗೊಂಡ ಕೇಂದ್ರವೊಂದು ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಆರೋಗ್ಯಧಾಮದಲ್ಲಿಯೂ ಇನ್ನೊಂದಕ್ಕೆ ಮನೆಯಲ್ಲಿಯೂ ಅದೇ ಔಷಧಿಗಳನ್ನು ಒಂದು ವರ್ಷ ನೀಡಿತು. ಮನೆಯಲ್ಲಿದ್ದವರ ಊಟ, ವಸತಿಗಳು ಕೆಳಮಟ್ಟದವಾಗಿದ್ದರೂ ಅವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣಹೊಂದಿದರು. ಮನೆಯವರಿಗೆ ಸೋಂಕಿನ ಅಪಾಯವೂ ಹೆಚ್ಚಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಕ್ಷಯಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು.

ಹಾಗಾದರೆ ಆಹಾರಕ್ಕೆ ಮಹತ್ವವಿಲ್ಲವೇ? ಈ ಪ್ರಶ್ನೆಗೆ 2019ರಿಂದ 2022ರವರೆಗೆ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆದ ಅಧ್ಯಯನ ಉತ್ತರ ನೀಡಿತು. ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯೊಡನೆ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಸಂಶೋಧಕರೂ ಇದರಲ್ಲಿ ಪಾಲ್ಗೊಂಡಿದ್ದರು. 2,800 ರೋಗಿಗಳೆಲ್ಲರಿಗೂ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಗಳಿದ್ದ 10 ಕಿಲೋ ಪಡಿತರವನ್ನು ಪ್ರತಿ ತಿಂಗಳು ಒದಗಿಸಲಾಯಿತು. ಒಂದು ಗುಂಪಿನಲ್ಲಿ ಮಾತ್ರ ರೋಗಿಯ ಮನೆಯವರಿಗೂ ಪಡಿತರ ನೀಡಲಾಯಿತು. ಹಾಗೆ ಆಹಾರ ಪಡೆದ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವಿನ ಅಪಾಯವೂ ಕಡಿಮೆಯಿದ್ದುದು ಕಂಡುಬಂದಿತು. ಔಷಧಿಯೇ ರೋಗವನ್ನು ಗುಣಪಡಿಸುವುದು ನಿಜ. ಆದರೆ ಹಸಿದ ದೇಹದಲ್ಲಿ ರೋಗ ಬೇಗನೆ ಬೇರೂರುತ್ತದೆ. ರೋಗಿಗಳ ಪೋಷಣೆಗೆಂದು ಕೇಂದ್ರ ಸರ್ಕಾರ 2018ರಿಂದ ನೀಡುತ್ತಿದ್ದ ತಿಂಗಳ 500 ರೂಪಾಯಿ ನೆರವನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಲಾಗಿದೆ.

ಅತಿಸಾರ: ಉಪ್ಪು ಮತ್ತು ಸಕ್ಕರೆ

1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ರಕ್ತನಾಳದ ಮೂಲಕ ಕೊಡುವ ದ್ರವ ಸಾಲದಾಯಿತು. ಡಾ. ದಿಲೀಪ್ ಮಹಾಲನಬಿಸ್ ಅವರು ಗ್ಲೂಕೋಸ್ ಮತ್ತು ಲವಣಗಳನ್ನು ಬೆರೆಸಿದ ನೀರನ್ನು ಕುಡಿಸಲು ರೋಗಿಗಳ ಬಂಧುಗಳಿಗೇ ಕಲಿಸಿದರು. ಸುಮಾರು ಶೇಕಡಾ 30ರಷ್ಟಿದ್ದ ಮರಣಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಕರುಳಿನಲ್ಲಿ ಗ್ಲೂಕೋಸ್ ತನ್ನೊಡನೆ ಉಪ್ಪನ್ನೂ, ಉಪ್ಪು ನೀರನ್ನೂ ಒಳಸೆಳೆಯುವುದೇ ಇದರ ರಹಸ್ಯ.

ಗರ್ಭಕಂಠದ ಕ್ಯಾನ್ಸರ್: ವಿನೆಗರ್ ಪರೀಕ್ಷೆ

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ನಗರದ ಕೊಳೆಗೇರಿಗಳಲ್ಲಿ 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನವನ್ನು ಆರಂಭಿಸಿತು. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ, ಎಂದರೆ ವಿನೆಗರ್, ಲೇಪಿಸಿದಾಗ ವಿಕಾರಗೊಂಡ ಭಾಗ ಬಿಳುಪಾಗಿ ಕಾಣುತ್ತದೆ. ನಾಲ್ಕು ವಾರಗಳ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಈ ಪರೀಕ್ಷೆಯನ್ನು ನಡೆಸಿದರು. ಹನ್ನೆರಡು ವರ್ಷಗಳ ಬಳಿಕ, ಪರೀಕ್ಷೆಗೊಳಪಟ್ಟ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದಾಗುವ ಸಾವು ಶೇಕಡಾ 31ರಷ್ಟು ಕಡಿಮೆಯಾಗಿತ್ತು. ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರು ಐದು ವರ್ಷಗಳಿಗೊಮ್ಮೆ ಈ ತಪಾಸಣೆಗೆ ಒಳಗಾಗಬೇಕು.

ನೆನಪಿಡಬೇಕಾದ ಅಂಶಗಳು

• ಎರಡು ವಾರ ಮೀರಿದ ಕೆಮ್ಮಿದ್ದರೆ ಕಫದ ಪರೀಕ್ಷೆ ಅಗತ್ಯ. ಸರ್ಕಾರಿ ಕೇಂದ್ರಗಳಲ್ಲಿ ಕ್ಷಯದ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ಚಿಕಿತ್ಸೆಯನ್ನು ನಡುವೆ ನಿಲ್ಲಿಸಬಾರದು.
• ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಸೂಚಿಸಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ, 24 ಗಂಟೆಗಳೊಳಗೆ ಬಳಸಬೇಕು.
• ಗರ್ಭಕಂಠದ ತಪಾಸಣೆಗೆ ನೋವು ಕಾಣಿಸಿಕೊಳ್ಳುವವರೆಗೆ ಕಾಯಬಾರದು.

ಸಂಶೋಧನೆ ಮಾರ್ಗವನ್ನು ತೋರಿಸಬಲ್ಲದು. ಸಕಾಲದಲ್ಲಿ ಆ ಮಾರ್ಗವನ್ನು ಹಿಡಿಯುವುದು ಪ್ರತಿ ಕುಟುಂಬದ ಹೊಣೆ.