ಸ್ಕ್ರೀನ್‌ಶಾಟ್ ತೆಗೆದೆ, ಎಲ್ಲಿ ಹೋಯ್ತು?

ಮೂರನೇ ಸೆಮ್‌ನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್. ಪ್ರೋಗ್ರಾಮ್ ಅಂತೂ ಇಂತೂ ರನ್ ಆಯ್ತು. ಖುಷಿಯಲ್ಲಿ ಪ್ರಿಂಟ್ ಸ್ಕ್ರೀನ್ ಕೀ ಒತ್ತಿದೆ. ಬೇರೆ ಇನ್‌ಪುಟ್ ಕೊಟ್ಟು ಮತ್ತೆರಡು ಸಲ ಒತ್ತಿದೆ. ಟರ್ಮಿನಲ್ ಮುಚ್ಚಿ ಫೋಲ್ಡರ್‌ನಲ್ಲಿ ಹುಡುಕಿದರೆ ಒಂದು ಚಿತ್ರವೂ ಇಲ್ಲ! ಪೇಸ್ಟ್ ಮಾಡಿದಾಗ ಬಂದದ್ದು ಕೊನೆಯದು ಮಾತ್ರ. ರೆಕಾರ್ಡ್‌ನಲ್ಲಿ ಎರಡು ಔಟ್‌ಪುಟ್ ಖಾಲಿ, ಅಂಕವೂ ಹೋಯ್ತು. "ಸೇವ್ ಆಗಿದ್ಯಾ ಅಂತ ನೋಡ್ಬೇಕಿತ್ತಲ್ವಾ?" ಅಂದರು ಮೇಡಂ. ನಾನೂ ತಪ್ಪು ನನ್ನದೇ ಅಂದುಕೊಂಡೆ. ಆಮೇಲೆ ಸ್ವಲ್ಪ ಓದಿದ ಮೇಲೆ, ತಪ್ಪಿನಲ್ಲಿ ಟೂಲ್‌ಗೂ ಪಾಲಿದೆ ಅನ್ನಿಸಿತು.

ಆಗಿದ್ದು ಇಷ್ಟು. ಆ ಕೀ ಚಿತ್ರವನ್ನು ಫೈಲ್ ಆಗಿ ಉಳಿಸದೆ ಕ್ಲಿಪ್‌ಬೋರ್ಡ್‌ಗೆ ಹಾಕುತ್ತಿತ್ತು. ಸಾಮಾನ್ಯವಾಗಿ ಕ್ಲಿಪ್‌ಬೋರ್ಡ್‌ನಲ್ಲಿ ಹೊಸದು ಬಂದರೆ ಹಳೆಯದು ಹೋಗುತ್ತದೆ. ಒತ್ತಿದಾಗ ಒಂದು ಶಬ್ದವಿಲ್ಲ, ಒಂದು ಮೆಸೇಜ್ ಇಲ್ಲ. ಯೂಸಬಿಲಿಟಿ ಬಗ್ಗೆ ಜೇಕಬ್ ನೀಲ್ಸನ್ 1994ರಲ್ಲಿ ಕೊಟ್ಟ 10 ಸೂತ್ರಗಳಲ್ಲಿ ಮೊದಲನೆಯದೇ ಇದು: ಸಿಸ್ಟಮ್ ಈಗ ಏನು ಮಾಡುತ್ತಿದೆ ಅನ್ನೋದು ಬಳಸುವವರಿಗೆ ಕಾಣಬೇಕು.

ಒಳ್ಳೆಯ ಸ್ಕ್ರೀನ್‌ಶಾಟ್ ಟೂಲ್ ಮೂರು ಪ್ರಶ್ನೆಗಳನ್ನು ಸುಲಭ ಮಾಡಬೇಕು.

1. ಎಷ್ಟು ಭಾಗ ಬೇಕು? ವಿಂಡೋಸ್‌ನಲ್ಲಿ ಆಲ್ಟ್ ಜೊತೆ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಆಗ ಬಳಸುತ್ತಿರುವ ವಿಂಡೋ ಮಾತ್ರ ಬರುತ್ತದೆ. ವಿಂಡೋಸ್ ಕೀ, ಶಿಫ್ಟ್, ಎಸ್ ಮೂರನ್ನೂ ಒತ್ತಿದರೆ ಬೇಕಾದ ಭಾಗವನ್ನು ಆರಿಸಬಹುದು. ಆದರೆ ಇದನ್ನೆಲ್ಲ ಯಾರು ನೆನಪಿಟ್ಟುಕೊಳ್ತಾರೆ? 2022ರ ಗ್ನೋಮ್ 42ರಲ್ಲಿ ಒಂದೇ ಕೀ ಒತ್ತಿದರೆ ಆಯ್ದ ಭಾಗ, ಪೂರ್ತಿ ಸ್ಕ್ರೀನ್, ವಿಂಡೋ ಅಂತ ಮೂರು ಆಯ್ಕೆಗಳು ಕಣ್ಣೆದುರೇ ಬರುತ್ತವೆ. ಉಬುಂಟು 22.04 ಹಾಕಿಕೊಂಡವರು ಇದನ್ನು ನೋಡಿರ್ತೀರಿ. ಬಾಯಿಪಾಠ ಮಾಡಬೇಕಾಗಿಲ್ಲ, ನೋಡಿ ಆರಿಸಿದರೆ ಸಾಕು.

2. ಯಾವಾಗ ತೆಗೆಯಬೇಕು? ಕೆಲವು ಮೆನುಗಳು ಬೇರೆ ಕಡೆ ಕ್ಲಿಕ್ ಮಾಡಿದ ಕೂಡಲೇ ಮುಚ್ಚಿಕೊಳ್ಳುತ್ತವೆ. ಅವುಗಳ ಚಿತ್ರ ತೆಗೆಯಲು ಟೈಮರ್ ಬೇಕು. ಮ್ಯಾಕ್‌ನಲ್ಲಿ ಕಮಾಂಡ್, ಶಿಫ್ಟ್, 5 ಒತ್ತಿ, ಆಪ್ಷನ್ಸ್‌ನಲ್ಲಿ 5 ಅಥವಾ 10 ಸೆಕೆಂಡ್ ಇಡಬಹುದು.

3. ಎಲ್ಲಿ ಹೋಯ್ತು? ನನ್ನ ಅಂಕ ಹೋದದ್ದು ಇಲ್ಲೇ. ಗ್ನೋಮ್ 42 ಚಿತ್ರವನ್ನು ಪಿಕ್ಚರ್ಸ್ ಒಳಗಿನ ಸ್ಕ್ರೀನ್‌ಶಾಟ್ಸ್ ಫೋಲ್ಡರ್‌ನಲ್ಲಿ ಉಳಿಸುತ್ತದೆ, ಕ್ಲಿಪ್‌ಬೋರ್ಡ್‌ಗೂ ಹಾಕುತ್ತದೆ, ಆಮೇಲೆ ನೋಟಿಫಿಕೇಶನ್ ತೋರಿಸುತ್ತದೆ. ಫೈಲ್ ಹೆಸರಿನಲ್ಲೇ ದಿನಾಂಕ, ಸಮಯ ಇರುತ್ತದೆ. ಮೂರು ಸಲ ಒತ್ತಿದರೆ ಮೂರು ಫೈಲ್. ಹಳೆಯದನ್ನು ಹೊಸದು ಅಳಿಸುವುದಿಲ್ಲ.

ನಿಮ್ಮ ಲ್ಯಾಬ್ ಸಿಸ್ಟಮ್ ಬದಲಾಗುವ ತನಕ ಏನು ಮಾಡೋದು? ವಿಂಡೋಸ್ ಆದರೆ ವಿಂಡೋಸ್ ಕೀ ಜೊತೆ ಪ್ರಿಂಟ್ ಸ್ಕ್ರೀನ್ ಒತ್ತಿ. ಸ್ಕ್ರೀನ್ ಕ್ಷಣ ಮಂಕಾಗಿ, ಫೈಲ್ ಪಿಕ್ಚರ್ಸ್‌ನ ಸ್ಕ್ರೀನ್‌ಶಾಟ್ಸ್ ಫೋಲ್ಡರ್‌ನಲ್ಲಿ ಕೂರುತ್ತದೆ. ವಿಂಡೋಸ್ ಕೀ ಮತ್ತು ವಿ ಒತ್ತಿ ಕ್ಲಿಪ್‌ಬೋರ್ಡ್ ಹಿಸ್ಟರಿಯನ್ನು ಮೊದಲೇ ಆನ್ ಮಾಡಿದ್ದರೆ ಹಿಂದೆ ಕಾಪಿ ಮಾಡಿದವೂ ಸಿಗುತ್ತವೆ. ಏನೇ ಆಗಲಿ, ಟರ್ಮಿನಲ್ ಮುಚ್ಚುವ ಮೊದಲು ಫೋಲ್ಡರ್ ತೆರೆದು ನೋಡಿ.

ಕೊನೆಗೆ ಒಂದು ಚಿಕ್ಕ ಎಕ್ಸರ್ಸೈಜ್. ಬೇರೆ ಬ್ರಾಂಚಿನ ಗೆಳೆಯರೊಬ್ಬರನ್ನು ಕೂರಿಸಿ, "ಈ ವಿಂಡೋದ ಚಿತ್ರ ತೆಗೆದು ರಿಪೋರ್ಟ್‌ಗೆ ಹಾಕು" ಅನ್ನಿ. ನೀವು ಬಾಯಿ ಬಿಡಬೇಡಿ, ಕೈ ತೋರಿಸಬೇಡಿ. ಅವರು ಎಲ್ಲಿ ನಿಂತರು, ಎಲ್ಲಿ ತಪ್ಪು ಒತ್ತಿದರು, ಯಾವಾಗ "ಆಯ್ತಾ ಇದು?" ಅಂತ ಕೇಳಿದರು, ಅಷ್ಟನ್ನು ಬರೆದುಕೊಳ್ಳಿ. ಆ ಪಟ್ಟಿಯೇ ಟೂಲ್‌ನಲ್ಲಿ ಸರಿಪಡಿಸಬೇಕಾದ ಕೆಲಸಗಳ ಪಟ್ಟಿ. ಇದೇ ಪರೀಕ್ಷೆಯನ್ನು ನಿಮ್ಮ ಮಿನಿ ಪ್ರಾಜೆಕ್ಟ್‌ಗೂ ಮಾಡಿ. ನಾವು ಬರೆದ ಕೋಡ್ ನಮಗೆ ಸುಲಭ ಅನ್ನಿಸೋದು ಸಹಜ. ಬಳಸುವವರು ಬೇರೆಯವರಲ್ವಾ?